ಸೆಲೆಬಿಸ್: ಅಸಂಬದ್ಧ ಚಿತ್ರವೊಂದರ ಇತಿಹಾಸ



ಮೊದಲನೆಯ ಮಹಾಯುದ್ಧದ ಕಾರಣಗಳನ್ನೂ ಪರಿಣಾಮಗಳನ್ನೂ ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿಯೇ ಕಂಠಪಾಠ ಮಾಡಿದವರು. ಆ ಪಟ್ಟಿಯಲ್ಲಿ ಸೇರದ ಪರಿಣಾಮವೊಂದು ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿದೆ. ಅದು ಜರ್ಮನಿಯ ಮ್ಯಾಕ್ಸ್ ಅರ್ನ್ಸ್ಟ್ 1921ರಲ್ಲಿ ಕಲೋನ್ ನಗರದಲ್ಲಿ ರಚಿಸಿದ ‘ಸೆಲೆಬಿಸ್’ ಎಂಬ ತೈಲಚಿತ್ರ.

ಚಿತ್ರದ ನಡುವೆ ಹಂಡೆಯಂತೆ ಉಬ್ಬಿದ ಬೂದುಬಣ್ಣದ ದೈತ್ಯಾಕೃತಿಯೊಂದು ನಿಂತಿದೆ. ಸೊಂಡಿಲೋ ಕೊಳವೆಯೋ ತಿಳಿಯದ ಅಂಗದ ತುದಿಯಲ್ಲಿ ಕೊಂಬುಳ್ಳ ತಲೆ. ಮುಂದೆ ರುಂಡವಿಲ್ಲದ ಸ್ತ್ರೀದೇಹವೊಂದು ಕೈಯೆತ್ತಿ ಕರೆಯುತ್ತಿದೆ. ಆಕಾಶದಲ್ಲಿ ಮೀನುಗಳು ಈಜುತ್ತಿವೆ. ‘ಇದಕ್ಕೇನು ಅರ್ಥ?’ ಎಂದು ಯಾರಾದರೂ ಕೇಳಿಯಾರು.

ಆ ಪ್ರಶ್ನೆಯನ್ನು ಇತಿಹಾಸದ ಮುಂದಿಟ್ಟು ನೋಡೋಣ. ದೇಶಗೌರವ, ನಾಗರಿಕತೆ, ಕರ್ತವ್ಯ ಎಂಬ ಅರ್ಥವತ್ತಾದ ಮಾತುಗಳನ್ನಾಡಿಯೇ ಯುರೋಪಿನ ನಾಯಕರು ಲಕ್ಷಾಂತರ ತರುಣರನ್ನು ಕಂದಕಗಳಿಗೆ ಅಟ್ಟಿದರು. ಅಂತಹ ಮಾತಿನಲ್ಲಿ ನಂಬಿಕೆ ಕಳೆದುಕೊಂಡ ಹ್ಯೂಗೋ ಬಾಲ್ ಮೊದಲಾದವರು 1916ರಲ್ಲಿ ತಟಸ್ಥ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೂಡಿ, ಅಸಂಬದ್ಧತೆಯನ್ನೇ ಪ್ರತಿಭಟನೆಯ ಭಾಷೆಯಾಗಿಸಿದರು. ಇದೇ ದಾದಾ ಪಂಥ.

1891ರಲ್ಲಿ ಹುಟ್ಟಿದ ಅರ್ನ್ಸ್ಟ್ ಜರ್ಮನ್ ಫಿರಂಗಿದಳದಲ್ಲಿ ಸೈನಿಕನಾಗಿದ್ದವನು. ತಾನು 1914ರ ಆಗಸ್ಟ್ 1ರಂದು ಸತ್ತು 1918ರ ನವೆಂಬರ್ 11ರಂದು ಮರಳಿ ಬದುಕಿದೆನೆಂದು ಆತ ಮುಂದೆ ಬರೆದುಕೊಂಡನು. ಯುದ್ಧವರ್ಷಗಳು ಅವನ ಪಾಲಿಗೆ ಆಯುಷ್ಯವೇ ಅಲ್ಲ.

ದೈತ್ಯಾಕೃತಿಯ ಮೂಲ ಇನ್ನೂ ವಿಚಾರಾರ್ಹವಾದುದು. ಆಫ್ರಿಕದ ಮಣ್ಣಿನ ಕಣಜವೊಂದರ ಛಾಯಾಚಿತ್ರವನ್ನು ಅರ್ನ್ಸ್ಟ್ ಮಾನವಶಾಸ್ತ್ರದ ಪತ್ರಿಕೆಯೊಂದರಲ್ಲಿ ಕಂಡಿದ್ದನು. ನಮ್ಮ ಹಳ್ಳಿಮನೆಗಳ ಕಣಜಗಳನ್ನು ಬಲ್ಲವರಿಗೆ ಅದರ ದುಂಡುಹೊಟ್ಟೆ ಅಪರಿಚಿತವಲ್ಲ. ಅನ್ನವನ್ನು ಕಾಯುವ ಆ ಪಾತ್ರೆ ಅವನ ಕುಂಚದಲ್ಲಿ ಯುದ್ಧಯಂತ್ರವನ್ನು ನೆನಪಿಸುವ ಲೋಹದ ಪ್ರಾಣಿಯಾಯಿತು. ಮನುಷ್ಯನ ದುಡಿಮೆಯೂ ಜಾಣ್ಮೆಯೂ ಸಂಹಾರಕ್ಕೆ ತಿರುಗಿದ ಕಾಲವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟವೆಂದು ನನಗೆ ತೋರುತ್ತದೆ.

1921ರಲ್ಲಿಯೇ ಫ್ರೆಂಚ್ ಕವಿ ಪಾಲ್ ಎಲ್ಯುವಾರ್ ಕಲೋನಿಗೆ ಬಂದು ಈ ಚಿತ್ರವನ್ನು ಕೊಂಡನು. ಆತನೂ ಯುದ್ಧದಲ್ಲಿ ಸೇವೆ ಸಲ್ಲಿಸಿದವನೇ, ಆದರೆ ಶತ್ರುಪಕ್ಷದಲ್ಲಿ. ಸೇನೆಗಳು ವೈರಿಗಳಾಗಿಸಿದ್ದ ಇಬ್ಬರನ್ನು ಕಲೆ ಆಪ್ತಮಿತ್ರರನ್ನಾಗಿಸಿತು. 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ‘ಅಧಃಪತಿತ ಕಲೆ’ ಎಂಬ ಪ್ರದರ್ಶನ ನಡೆಸಿ, ಹಲವರ ಕೃತಿಗಳೊಡನೆ ಅರ್ನ್ಸ್ಟನ ಕೃತಿಯನ್ನೂ ಹೀಯಾಳಿಸಿದರು. ‘ಸೆಲೆಬಿಸ್’ ಆಗ ಜರ್ಮನಿಯಲ್ಲಿರಲಿಲ್ಲ. 1975ರಲ್ಲಿ ಅದು ಟೇಟ್ ಸಂಗ್ರಹವನ್ನು ಸೇರಿತು.

ಆದುದರಿಂದ, ಇಂತಹ ಚಿತ್ರವನ್ನು ಕಂಡಾಗ ‘ಅರ್ಥವೇನು’ ಎಂದು ಕೇಳುವವರು, ಅದು ಹುಟ್ಟಿದ ಕಾಲವನ್ನೂ ಅದೇ ಪ್ರಶ್ನೆ ಕೇಳಬೇಕು. ಉತ್ತರಿಸಬೇಕಾದದ್ದು ಚಿತ್ರಕ್ಕಿಂತ ಮೊದಲು ಆ ಕಾಲವೇ.