ನಮ್ಮ ಸೀಮೆಯಲ್ಲಿ ದತ್ತಿ ಮತ್ತು ಮರಣಶಾಸನ: ಒಂದು ಐತಿಹಾಸಿಕ ಅವಲೋಕನ

ಶತಮಾನೋತ್ಸವದ ಈ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಇಲ್ಲಿ ಸೇವೆಗೈದ ಗುರುಗಳು, ಕನ್ಯಾಸ್ತ್ರೀಯರು, ಶಾಲೆ, ಸಂಘಗಳು ಇವುಗಳ ವಿಷಯವಾಗಿ ಬಲ್ಲವರು ಬರೆದಿರುವರು. ನಾವು ಆಯ್ದುಕೊಂಡಿರುವುದು ಹಬ್ಬದ ಸಂದರ್ಭಕ್ಕೆ ಅಷ್ಟಾಗಿ ಒಪ್ಪದೆಂದು ಕೆಲವರಿಗೆ ತೋರಬಹುದಾದ ವಿಷಯ. ಮನುಷ್ಯನು ತನ್ನ ಕಾಲಾನಂತರಕ್ಕೆಂದು ದೇವರ ಕಾರ್ಯಕ್ಕೂ ಬಡವರಿಗೂ ಬಿಟ್ಟುಹೋಗುವ ದತ್ತಿಯ ಇತಿಹಾಸವದು. ಮರಣಶಾಸನವೆಂದ ಕೂಡಲೇ ಅಪಶಕುನದ ಮಾತೆಂದು ಬಾಯಿ ಮುಚ್ಚಿಸುವ ನಮ್ಮ ಜನರ ನಡುವೆ ಇದನ್ನು ಎತ್ತುವುದಕ್ಕೆ ಕಾರಣವಿದೆ. ನಮ್ಮ ಹಿರಿಯರು ದೇವಾಲಯಕ್ಕೆ ಕೊಟ್ಟದ್ದು ಸ್ವಲ್ಪವೇನಲ್ಲ. ಆದರೆ ಅದರಲ್ಲಿ ಬಹುಪಾಲು ಬದುಕಿರುವಾಗ ಕೈಯಾರೆ ಕೊಟ್ಟದ್ದು. ಬರೆದಿಟ್ಟು ಹೋದದ್ದು ವಿರಳ. ಹೀಗಾದುದು ಅವರ ಉದಾಸೀನದಿಂದಲೇ, ಅಥವಾ ಬೇರೆ ಅಡ್ಡಿಯೇನಾದರೂ ಇದ್ದಿತೇ?

ದತ್ತಿಯೆಂಬುದು ಈ ನೆಲಕ್ಕೆ ಹೊಸದಲ್ಲ. ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಹೋದವರು ಅಲ್ಲಿನ ಅಮೃತೇಶ್ವರ ಗುಡಿಯ ದೊಡ್ಡ ಶಾಸನವನ್ನು ನೋಡಿರುತ್ತಾರೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಗುಡಿ ಅದು. ಶಾಸನದಲ್ಲಿರುವ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಆ ಕಾಲದ ದಾನಶಾಸನಗಳ ಸಾಮಾನ್ಯ ಕ್ರಮವನ್ನು ಗಮನಿಸಿದರೆ ಇಂದಿನ ದಸ್ತಾವೇಜು ಬರೆಯುವವರೂ ತಲೆದೂಗಬೇಕು. ಕೊಟ್ಟವರು ಯಾರು, ಪಡೆದವರು ಯಾರು, ಯಾವ ತಿಥಿಯಲ್ಲಿ, ಭೂಮಿಯ ಚತುಸ್ಸೀಮೆ ಯಾವುದು, ಅದರ ಉತ್ಪನ್ನ ಸಲ್ಲಬೇಕಾದುದು ದೇವರ ಸೇವೆಗೋ, ಕಟ್ಟಡದ ಜೀರ್ಣೋದ್ಧಾರಕ್ಕೋ, ಆಹಾರದಾನಕ್ಕೋ, ಎಲ್ಲವೂ ಅಲ್ಲಿ ಸ್ಪಷ್ಟ. ಕೊನೆಯಲ್ಲಿ ಧರ್ಮವನ್ನು ಅಳಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವನ್ನು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟರು. ನಮ್ಮ ಊರುಗಳ ಪೂರ್ವೇತಿಹಾಸದಲ್ಲಿ ನಮಗೆ ತಿಳಿದುಬಂದಿರುವುದರ ಬಹುಭಾಗ ಯಾರೋ ಯಾರಿಗೋ ಏನನ್ನೋ ಕೊಟ್ಟ ಬರಹದಿಂದಲೇ ತಿಳಿದುಬಂದದ್ದು.

ಕಥೋಲಿಕರಾದ ನಾವು ಈ ಸೀಮೆಯಲ್ಲಿ ಬೇರೂರಿದ್ದು ತೀರ ಈಚೆಗೆ. ೧೮೫೦ರಲ್ಲಿ ಮೈಸೂರು ಸೀಮೆ ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳ ವಶಕ್ಕೆ ಬಂದಿತು; ೧೮೮೬ರಲ್ಲಿ ಧರ್ಮಕ್ಷೇತ್ರವಾಯಿತು. ೧೮೮೯ರಲ್ಲಿ ಬೆಂಗಳೂರು-ಹರಿಹರ ರೈಲುಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. ಹತ್ತು ವರ್ಷಗಳ ತರುವಾಯ ಬೀರೂರಿನಿಂದ ಕವಲೊಡೆದ ಮಾರ್ಗವು ತರೀಕೆರೆಯ ಮೇಲೆ ಶಿವಮೊಗ್ಗವನ್ನು ಮುಟ್ಟಿತು. ರೈಲು, ತೋಟ, ಮುಂದೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇವುಗಳ ಬೆನ್ನು ಹಿಡಿದು ದುಡಿಯಲು ಬಂದ ಕುಟುಂಬಗಳು ನಮ್ಮಲ್ಲಿ ಹಲವು. ೧೯೬೩ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪಿತವಾಗಿ ಪರಮಪೂಜ್ಯ ಅಲ್ಫೋನ್ಸಸ್ ಮಥಾಯಸ್ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು.

ದುಡಿಮೆಗಾಗಿ ಬಂದವರಿಗೆ ಬಿಟ್ಟುಹೋಗಲು ಆಸ್ತಿಯೆಲ್ಲಿಯದು? ಆದ್ದರಿಂದ ಅವರ ಕೊಡುಗೆಯೂ ದಿನದಿನದ ಕೊಡುಗೆಯೇ ಆಗಿತ್ತು. ಅಡಿಗೆಗೆ ಅಕ್ಕಿ ಅಳೆಯುವಾಗ ತೆಗೆದಿಟ್ಟ ಹಿಡಿಯಕ್ಕಿ, ಸುಗ್ಗಿಯಲ್ಲಿ ರಾಗಿ, ತೆಂಗಿನಕಾಯಿ, ಈರುಳ್ಳಿ, ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಹರಾಜಾಗುವ ಕೋಳಿ, ಕುಂಬಳಕಾಯಿ. ಹಣವಿಲ್ಲದವರು ಕಲ್ಲು ಹೊತ್ತರು, ಸುಣ್ಣ ಕಲಸಿದರು. ಬಡವಿಧವೆಯ ಎರಡು ಕಾಸನ್ನು ಪ್ರಭು ಮೆಚ್ಚಿದ ಸಂಗತಿ ಮಾರ್ಕನ ಶುಭಸಂದೇಶದಲ್ಲಿ ಬರುವುದಷ್ಟೆ. ಅಂಥ ಕಾಸುಗಳ ಲೆಕ್ಕ ಯಾವ ಶಾಸನದಲ್ಲಿಯೂ ಸಿಕ್ಕುವುದಿಲ್ಲ.

ಕಾಲಕ್ರಮದಲ್ಲಿ ಒಂದಿಷ್ಟು ನೆಲೆ ನಿಂತವರು ಮೊದಲು ಯೋಚಿಸಿದ್ದು ತಮ್ಮ ಮೃತರ ಆತ್ಮಗಳಿಗಾಗಿ ವರ್ಷಂಪ್ರತಿ ಬಲಿಪೂಜೆಯ ದತ್ತಿಯನ್ನು. ಇಂಥ ದತ್ತಿಗಳ ವಿಚಾರದಲ್ಲಿ ಧರ್ಮಸಭೆಯ ಕಾನೂನು ಬಹು ಜಾಗರೂಕವಾದುದು. ೧೯೮೩ರಲ್ಲಿ ಜಾರಿಗೆ ಬಂದ ಸಂಹಿತೆಯ ೧೨೯೯ರಿಂದ ೧೩೧೦ರವರೆಗಿನ ಕಾನೂನುಗಳು ಇದಕ್ಕೇ ಮೀಸಲು. ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ಧರ್ಮಕೇಂದ್ರವು ಅಂಥ ದತ್ತಿಯನ್ನು ಸ್ವೀಕರಿಸುವಂತಿಲ್ಲ. ಬಾಯಿಮಾತಿನಲ್ಲಿ ಕೊಟ್ಟ ದತ್ತಿಯಾದರೂ ಬರಹಕ್ಕೆ ಇಳಿಯಬೇಕು; ಒಂದು ಪ್ರತಿ ಧರ್ಮಾಧ್ಯಕ್ಷರ ಕಾರ್ಯಾಲಯದಲ್ಲಿ, ಇನ್ನೊಂದು ದತ್ತಿ ಪಡೆದ ಸಂಸ್ಥೆಯಲ್ಲಿ ಇರಬೇಕು. ದತ್ತಿಯಿಂದ ಬಂದ ಕರ್ತವ್ಯಗಳ ಪಟ್ಟಿ ಎಲ್ಲರಿಗೂ ಕಾಣುವಲ್ಲಿ ತೂಗಬೇಕು, ಗುರುಗಳ ಬಳಿ ಅದರ ಪುಸ್ತಕವೊಂದಿರಬೇಕು. ಇವನ್ನೋದುವಾಗ ನಮಗೆ ಅಮೃತಾಪುರದ ಕಲ್ಲು ನೆನಪಿಗೆ ಬಾರದಿರಲಿಲ್ಲ. ಶಾಪವೊಂದನ್ನು ಬಿಟ್ಟರೆ ಉಳಿದೆಲ್ಲವೂ ಇದೆ.

ಆದರೂ ಹಣದ ದತ್ತಿಯನ್ನು ಕಾಲವೇ ತಿಂದುಹಾಕುತ್ತದೆ. ನೂರು ರೂಪಾಯಿ ಇಟ್ಟವನಿಗೆ ಶೇಕಡಾ ಐದರಂತೆ ವರ್ಷಕ್ಕೆ ಐದು ರೂಪಾಯಿ. ಆ ಐದು ರೂಪಾಯಿ ಒಂದು ಕಾಲಕ್ಕೆ ಪೂಜೆಯ ಕಾಣಿಕೆಗೂ ಮೇಣದ ಬತ್ತಿಗೂ ಸಾಕಾಗಿ ಮಿಗುತ್ತಿತ್ತು. ಇಂದು ಬತ್ತಿಗೂ ಸಾಲದು. ಉತ್ಪತ್ತಿ ಕುಗ್ಗಿದಾಗ ಪೂಜೆಗಳ ಸಂಖ್ಯೆಯನ್ನು ಇಳಿಸುವ ಕ್ರಮವನ್ನೂ ಸಂಹಿತೆ ಹೇಳಿದೆ. ಮೋಸ ಯಾರದ್ದೂ ಅಲ್ಲದಿದ್ದರೂ ಕೊಟ್ಟವನ ಹೆಸರು ಪಟ್ಟಿಯಿಂದ ಮೆಲ್ಲಗೆ ಜಾರುತ್ತದೆ.

ಭೂಮಿ ಸ್ಥಿರವಲ್ಲವೇ ಎಂದು ಕೇಳಬಹುದು. ಭೂಮಿಯ ಕಥೆ ಬೇರೆ. ಮೈಸೂರು ಸರ್ಕಾರವು ೧೯೫೫ರ ಕಾಯಿದೆಯಿಂದ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳನ್ನು ರದ್ದುಪಡಿಸಿತು. ೧೯೭೪ರ ಮಾರ್ಚ್ ೧ರಂದು ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿ ಉಳುವವನ ಕೈಗೆ ಹೋದವು. ಉಳುವವನಿಗೆ ಅದು ನ್ಯಾಯವೇ. ನಮ್ಮವರಲ್ಲೂ ಅದರಿಂದ ನೆಲ ಕಂಡವರುಂಟು. ಆದರೆ ಅದೇ ಕಾನೂನಿನ ಇನ್ನೊಂದು ಕಲಮು ಧಾರ್ಮಿಕ, ಶೈಕ್ಷಣಿಕ, ಧರ್ಮಾರ್ಥ ಸಂಸ್ಥೆಗಳು ಕೃಷಿಭೂಮಿಯನ್ನು ಹೊಂದುವುದನ್ನೇ ಸಾಮಾನ್ಯವಾಗಿ ನಿಷೇಧಿಸಿತ್ತು. ೨೦೨೦ರ ತಿದ್ದುಪಡಿಯವರೆಗೂ ಆ ಕಲಮು ಉಳಿದಿತ್ತು. ಹೊಲವೊಂದೇ ಆಸ್ತಿಯಾಗಿದ್ದ ರೈತನು ದೇವಾಲಯಕ್ಕೆ ಏನನ್ನು ಬಿಟ್ಟುಹೋಗಬಹುದಾಗಿತ್ತು?

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೊಂದಿತ್ತು. ಅದನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೂ ಇಲ್ಲ. ಭಾರತೀಯ ಉತ್ತರಾಧಿಕಾರ ಕಾಯಿದೆ, ೧೯೨೫. ಮೈಸೂರೂ ಸೇರಿದ್ದ 'ಬಿ' ಭಾಗದ ರಾಜ್ಯಗಳಿಗೆ ೧೯೫೧ರ ಏಪ್ರಿಲ್ ೧ರಿಂದ ಇದು ಅನ್ವಯಿಸಿತು. ಅದರ ೧೧೮ನೆಯ ಕಲಮಿನ ತಾತ್ಪರ್ಯ ಹೀಗೆ: ಒಡಹುಟ್ಟಿದವರ ಮಕ್ಕಳಾಗಲಿ, ಅದಕ್ಕಿಂತ ಹತ್ತಿರದ ಬಂಧುವಾಗಲಿ ಇರುವವನು ಧಾರ್ಮಿಕ ಅಥವಾ ಧರ್ಮಾರ್ಥ ಕಾರ್ಯಕ್ಕೆ ಮರಣಶಾಸನದ ಮೂಲಕ ಏನನ್ನೂ ಬಿಡುವಂತಿಲ್ಲ. ಬಿಡಬೇಕಾದರೆ ಮರಣಶಾಸನವನ್ನು ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮುಂಚೆ ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಕಾನೂನು ಗೊತ್ತುಮಾಡಿದ ಸ್ಥಳದಲ್ಲಿ ಠೇವಣಿಯಿಟ್ಟಿರಬೇಕು. ಹಿಂದೂಗಳಿಗೆ, ಮುಸಲ್ಮಾನರಿಗೆ ಈ ಕಲಮು ಅನ್ವಯಿಸುತ್ತಿರಲಿಲ್ಲ. ಪಾರ್ಸಿಗಳನ್ನು ೧೯೯೧ರಲ್ಲಿ ಇದರಿಂದ ಬಿಡಿಸಲಾಯಿತು. ಮುಖ್ಯವಾಗಿ ಉಳಿದವರು ಕ್ರೈಸ್ತರು.

ಕಾಯಿದೆಯಲ್ಲಿಯೇ ಉದಾಹರಣೆಗಳ ಪಟ್ಟಿಯೊಂದಿದೆ. ಬಡವರ ಪರಿಹಾರಕ್ಕೆ, ಆಸ್ಪತ್ರೆಗೆ, ಅನಾಥರ ವಿದ್ಯೆಗೆ, ಶಾಲೆಗೆ, ಸೇತುವೆ ಕಟ್ಟುವುದಕ್ಕೆ, ರಸ್ತೆಗೆ, ದೇವಾಲಯದ ದುರಸ್ತಿಗೆ, ಸಾರ್ವಜನಿಕ ಉದ್ಯಾನಕ್ಕೆ. ನಿಯಮ ಮೀರಿ ಬರೆದ ಇವೆಲ್ಲವೂ ಅಸಿಂಧು. ಜನವರಿಯಲ್ಲಿ ಬರೆದು ಅದೇ ವರ್ಷದ ನವೆಂಬರಿನಲ್ಲಿ ಕಣ್ಣು ಮುಚ್ಚಿದವನ ದಾನ ಸಲ್ಲದು. ಐದು ವರ್ಷ ಬದುಕಿದರೂ ಠೇವಣಿಯಿಡಲು ಮರೆತವನ ದಾನವೂ ಸಲ್ಲದು. ಅದೇ ಮನುಷ್ಯನು ಅದೇ ಹಣವನ್ನು ಸಾರಾಯಿ ಅಂಗಡಿಯ ಸ್ನೇಹಿತನಿಗೆ ಬರೆದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ!

ಈ ನಿಯಮದ ಬೇರು ಇಂಗ್ಲೆಂಡಿನಲ್ಲಿದೆ. ದೇವಾಲಯದ ಕೈ ಸೇರಿದ ಭೂಮಿ ಮರಳಿ ಹೊರಬರದೆಂದು, ಅದು ಸತ್ತವನ ಮುಷ್ಟಿಯಲ್ಲಿ ಸಿಕ್ಕಿದಂತೆಂದು ಅಲ್ಲಿ ಬಹುಕಾಲದ ಆತಂಕವಿತ್ತು. ಸಾಯುವವನ ಮಂಚದ ಬಳಿ ಗುರುಗಳು ಕುಳಿತು ಬರೆಸಿಕೊಂಡಾರೆಂಬ ಸಂಶಯವೂ ಜೊತೆಗಿತ್ತು. ೧೭೩೬ರ ಕಾನೂನು ಆ ಆತಂಕದ ಕೂಸು. ಅದರ ನೆರಳು ೧೮೬೫ರ ಉತ್ತರಾಧಿಕಾರ ಕಾಯಿದೆಯ ಮೂಲಕ ನಮ್ಮ ದೇಶಕ್ಕೆ ಬಂದಿತು. ಮೂಲದೇಶವು ತನ್ನ ಕಾನೂನನ್ನು ಕೈಬಿಟ್ಟ ಮೇಲೂ ನೆರಳು ಇಲ್ಲಿಯೇ ನಿಂತಿತು.

ಬರಹವಿಲ್ಲದ ಮಾತಿನ ಗತಿಯೇನಾಗುತ್ತಿತ್ತೆಂಬುದನ್ನು ನಾವು ಚಿಕ್ಕವರಾಗಿದ್ದಾಗ ಬಂಧುವರ್ಗದಲ್ಲಿಯೇ ಕಂಡೆವು. ಹಿರಿಯರೊಬ್ಬರು ಅಂತ್ಯಕಾಲದಲ್ಲಿ ಮಕ್ಕಳನ್ನು ಕರೆದು, ಬಾವಿಯ ಪಕ್ಕದ ಹತ್ತು ತೆಂಗಿನ ಮರಗಳ ಫಲವು ದೇವಾಲಯದ ದೀಪದೆಣ್ಣೆಗೆ ಸಲ್ಲಬೇಕೆಂದು ಹೇಳಿದರು. ಹಿರಿಯ ಮಗ ಬದುಕಿರುವವರೆಗೂ ಪ್ರತಿ ಕೊಯ್ಲಿನಲ್ಲಿ ಕಾಯಿ ಎಣಿಸಿ ಮುಟ್ಟಿಸಿದ. ಅವನ ತರುವಾಯ ಜಮೀನು ಪಾಲಾಯಿತು, ಬಾವಿಯ ಪಕ್ಕದ ಪಾಲು ಮಾರಾಟವಾಯಿತು. ಕೊಂಡವನಿಗೆ ಈ ವಿಷಯ ತಿಳಿದಿರಲೇ ಇಲ್ಲ, ಅವನದು ತಪ್ಪೆನ್ನಲಾಗದು. ಮೊಮ್ಮಕ್ಕಳಲ್ಲಿ ಒಬ್ಬಾಕೆ ಮಾತ್ರ ಬಹುಕಾಲ ಅದನ್ನು ನೆನೆದು ನೊಂದುಕೊಳ್ಳುತ್ತಿದ್ದಳು. ದೇಶದ ಕಾನೂನಿನ ವಿಧಿಗಳು ತಪ್ಪಿಹೋಗಿದ್ದರೆ ಮೃತನ ಇಚ್ಛೆಯನ್ನು ನೆರವೇರಿಸುವ ಹೊಣೆಯನ್ನು ವಾರಸುದಾರರಿಗೆ ನೆನಪಿಸಬೇಕೆಂದು ಧರ್ಮಸಭೆಯ ೧೨೯೯ನೆಯ ಕಾನೂನು ಹೇಳುತ್ತದೆ. ನೆನಪಿಸಬಹುದು, ಮಾರಿದ ಮರವನ್ನು ಮರಳಿ ತರಲಾಗದು.

೧೧೮ನೆಯ ಕಲಮನ್ನು ಪ್ರಶ್ನಿಸಿ ಕೇರಳದ ಕಥೋಲಿಕ ಗುರು ಜಾನ್ ವಲ್ಲಮಟ್ಟಮ್ ಅವರು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ೨೦೦೩ರ ಜುಲೈ ೨೧ರಂದು ಮುಖ್ಯ ನ್ಯಾಯಮೂರ್ತಿ ವಿ. ಎನ್. ಖರೆ ಅವರಿದ್ದ ಪೀಠವು, ಆ ಕಲಮು ಸಂವಿಧಾನದ ೧೪ನೆಯ ವಿಧಿ ಸಾರುವ ಸಮಾನತೆಗೆ ವಿರುದ್ಧವೆಂದು ಅದನ್ನು ರದ್ದುಗೊಳಿಸಿತು. ಅದಕ್ಕೆ ಒಂದು ವರ್ಷ ಮುಂಚೆ, ೨೦೦೨ರ ತಿದ್ದುಪಡಿಯಿಂದ, ಭಾರತೀಯ ಕ್ರೈಸ್ತರ ಮರಣಶಾಸನಕ್ಕೆ ನ್ಯಾಯಾಲಯದ ಪ್ರೊಬೇಟ್ ಪಡೆಯಲೇಬೇಕೆಂಬ ನಿರ್ಬಂಧವೂ ಹೋಗಿತ್ತು. ಹೀಗೆ ನಮ್ಮ ಧರ್ಮಕೇಂದ್ರದ ಶತಮಾನದಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಕಟ್ಟಿದ್ದ ಕೈ ಬಿಚ್ಚಿತು. ಆದರೆ ಈ ಸುದ್ದಿ ಪ್ರಬೋಧನೆಯಲ್ಲಾಗಲಿ ಸಂಘದ ಸಭೆಯಲ್ಲಾಗಲಿ ಎಷ್ಟು ಜನರ ಕಿವಿಗೆ ಬಿದ್ದಿತು?

ಹೀಗೆಂದ ಮಾತ್ರಕ್ಕೆ ಮಕ್ಕಳ ಬಾಯಿಗೆ ಮಣ್ಣು ಹಾಕಿ ದೇವಾಲಯಕ್ಕೆ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಸಂತ ಅಗಸ್ಟೀನರು ತಮ್ಮ ಪ್ರಸಂಗವೊಂದರಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಔರೇಲಿಯಸರ ಸಂಗತಿಯನ್ನು ಹೇಳಿದ್ದಾರೆ. ಸಂತಾನದ ಆಸೆಯನ್ನೇ ಬಿಟ್ಟ ಒಬ್ಬನು, ಬದುಕಿರುವವರೆಗೆ ಫಲಾನುಭವವನ್ನಷ್ಟೇ ಉಳಿಸಿಕೊಂಡು, ತನ್ನ ಸರ್ವಸ್ವವನ್ನು ಧರ್ಮಸಭೆಗೆ ಕೊಟ್ಟನು. ಮುಂದೆ ಅವನಿಗೆ ಮಕ್ಕಳು ಹುಟ್ಟಿದರು. ಅವನು ಕೇಳುವುದಕ್ಕೆ ಮೊದಲೇ ಔರೇಲಿಯಸರು ಎಲ್ಲವನ್ನೂ ಹಿಂದಿರುಗಿಸಿದರಂತೆ. ಅದೇ ಅಗಸ್ಟೀನರು, ನಿನ್ನ ಮಕ್ಕಳ ಜೊತೆಗೆ ಕ್ರಿಸ್ತನನ್ನೂ ಒಬ್ಬ ಮಗನೆಂದು ಎಣಿಸಿ ಪಾಲಿಡು ಎಂಬರ್ಥದ ಬುದ್ಧಿಯನ್ನೂ ಹೇಳುತ್ತಿದ್ದರು. ಮರಣಶಾಸನವಿಲ್ಲದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ಕಾನೂನಿನಂತೆ ವಿಧವೆಗೆ ಮೂರರಲ್ಲೊಂದು, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮ. ಆ ಸಮಪಾಲನ್ನು ತಪ್ಪಿಸಿ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳುಹಿಸಲೆಂದೇ ಮರಣಶಾಸನ ಬರೆಯುವವರೂ ನಮ್ಮಲ್ಲಿ ಇಲ್ಲದಿಲ್ಲ. ಅಂಥವರು ಕೊನೆಯ ಸಾಲಿನಲ್ಲಿ ದೇವಾಲಯಕ್ಕೆ ಒಂದು ಮೇಣದ ಬತ್ತಿಯ ಸ್ಟ್ಯಾಂಡನ್ನು ಬರೆದರೆ ಏನು ಬಂದ ಹಾಗಾಯಿತು?

ಬರೆಯುವ ಮನಸ್ಸುಳ್ಳವರಿಗೆ ಎರಡು ಮಾತು. ಮರಣಶಾಸನಕ್ಕೆ ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಸಾಕ್ಷಿಯಾದವನಿಗೆ ಅದರಲ್ಲಿ ಏನನ್ನಾದರೂ ಬರೆದಿದ್ದರೆ ಅದು ಅವನಿಗೆ ದಕ್ಕದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ವ್ಯಾಜ್ಯ ಕಡಿಮೆ. ಬದುಕಿರುವಾಗಲೇ ನಿವೇಶನವನ್ನೋ ಮನೆಯನ್ನೋ ಕೊಡುವುದಾದರೆ ನೋಂದಾಯಿತ ದಾನಪತ್ರವೇ ಆಗಬೇಕು. ಮಿಗಿಲಾಗಿ ಉದ್ದೇಶವನ್ನು ಬಿಡಿಸಿ ಬರೆಯಬೇಕು. ಇಂಥದ್ದಕ್ಕೆಂದು ಕೊಟ್ಟದ್ದನ್ನು ಅದಕ್ಕೇ ಬಳಸತಕ್ಕದ್ದೆಂದು ಸಂಹಿತೆಯ ೧೨೬೭ನೆಯ ಕಾನೂನು ವಿಧಿಸುತ್ತದೆ. ಆ ಉದ್ದೇಶವು ಮುಂದೊಂದು ದಿನ ಅಸಾಧ್ಯವಾದರೆ ಏನು ಮಾಡಬೇಕೆಂಬುದನ್ನೂ ಒಂದು ಸಾಲು ಬರೆದಿಟ್ಟರೆ ಮುಂದಿನ ಗುರುಗಳಿಗೆ ಸಂಕಟ ತಪ್ಪೀತು.

ಹೆಬ್ರೋನಿನಲ್ಲಿ ಸಾರಳ ಸಮಾಧಿಗಾಗಿ ಅಬ್ರಹಾಮನು ನೆಲ ಕೇಳಿದಾಗ ಎಫ್ರೋನನು ಪುಕ್ಕಟೆ ಕೊಡುವೆನೆಂದನು. ಅಬ್ರಹಾಮನು ಒಪ್ಪಲಿಲ್ಲ. ಊರಬಾಗಿಲಲ್ಲಿ ಎಲ್ಲರ ಎದುರಿಗೆ ನಾನೂರು ಬೆಳ್ಳಿನಾಣ್ಯ ತೂಗಿಕೊಟ್ಟನು. ಹೊಲ, ಗವಿ, ಸುತ್ತಲಿನ ಎಲ್ಲೆಯೊಳಗಿದ್ದ ಮರಗಳು, ಇಷ್ಟನ್ನೂ ಆದಿಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಎಣಿಸಿ ಹೇಳುತ್ತದೆ. ಮರಗಳನ್ನು ಕೂಡ.