ಏಪ್ರಿಲ್ 12: ಬೊರಿವಲಿಗೆ ಮೊದಲ ಲೋಕಲ್, ಬಾಹ್ಯಾಕಾಶಕ್ಕೆ ಮೊದಲ ಮನುಷ್ಯ, ಮಕ್ಕಳಿಗಾಗಿ ಈ ದಿನದ ಇತಿಹಾಸ

ಬೊರಿವಲಿ ಸ್ಟೇಷನ್‌ನಲ್ಲಿ ಚರ್ಚ್‌ಗೇಟ್ ಲೋಕಲ್ ತಪ್ಪಿದರೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುತ್ತದೆ. ಆದರೆ 1867ರಲ್ಲಿ ಇಲ್ಲಿನ ಜನರಿಗೆ ಊರಿನತ್ತ ಹೋಗಲು ಇದ್ದ ಲೋಕಲ್ ದಿನಕ್ಕೆ ಒಂದೇ ಒಂದು. ಅದು ಮೊದಲ ಬಾರಿಗೆ ಓಡಿದ್ದು ಆ ವರ್ಷದ ಏಪ್ರಿಲ್ 12ರಂದು.

ಅದೇ ದಿನಾಂಕದಂದು ಬೇರೆ ಬೇರೆ ವರ್ಷಗಳಲ್ಲಿ ಒಬ್ಬ ಮನುಷ್ಯ ಭೂಮಿಯನ್ನು ಸುತ್ತಿ ಬಂದ, ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ಗೊತ್ತಾಯಿತು, ಕನ್ನಡಿಗರು ಡಾ. ರಾಜ್‌ಕುಮಾರ್ ಅವರನ್ನು ಕಳೆದುಕೊಂಡರು.

ವಿರಾರ್‌ನಿಂದ ಹೊರಟ ಒಂಟಿ ರೈಲು

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಹೋದದ್ದು ಶಾಲೆಯ ಪುಸ್ತಕದಲ್ಲೇ ಇದೆ. ಪಶ್ಚಿಮದ ಹಳಿಯ ಕಥೆ ಅಷ್ಟು ಪ್ರಸಿದ್ಧವಲ್ಲ. ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಕಂಪನಿ 1867ರ ಏಪ್ರಿಲ್ 12ರಂದು ವಿರಾರ್ ಮತ್ತು ಬ್ಯಾಕ್‌ಬೇ ನಡುವೆ ಲೋಕಲ್ ಆರಂಭಿಸಿತು. ಬೆಳಗ್ಗೆ ವಿರಾರ್‌ನಿಂದ ಒಂದು ರೈಲು, ಸಂಜೆ ಬ್ಯಾಕ್‌ಬೇಯಿಂದ ವಾಪಸ್ ಒಂದು, ಅಷ್ಟೆ. ಚರ್ಚ್‌ಗೇಟ್ ಸ್ಟೇಷನ್ ಆಗ ಇನ್ನೂ ಹುಟ್ಟಿರಲಿಲ್ಲ. ನಿಲ್ದಾಣಗಳ ಹೆಸರುಗಳೂ ಬೇರೆ: ಗೋರೆಗಾಂವ್‌ಗೆ ‘ಪಹಾಡಿ’, ಅಂಧೇರಿಗೆ ‘ಅಂದಾರು’. ಬೊರಿವಲಿ ಎಂಬ ಹೆಸರು ಇಲ್ಲಿ ಬೆಳೆಯುತ್ತಿದ್ದ ಬೋರೆ ಮರಗಳಿಂದ ಬಂತು ಎನ್ನುತ್ತಾರೆ. ಊರಿನಲ್ಲಿ ಅಜ್ಜಿ ಎಲಚಿ ಹಣ್ಣು ಎಂದು ಕರೆಯುವುದು ಇದೇ ಬೋರೆಯನ್ನು.

ಮೊದಲಿಗೆ ಓಡಿದ್ದು ಹೊಗೆ ಉಗುಳುವ ಉಗಿಬಂಡಿ. 1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿವರೆಗೆ ವಿದ್ಯುತ್ ರೈಲು ಬಂತು. ಕೊಲಾಬಾ ಸ್ಟೇಷನ್ 1930ರ ಕೊನೆಗೆ ಮುಚ್ಚಿಹೋಯಿತು, ಚರ್ಚ್‌ಗೇಟ್ ಕೊನೆಯ ನಿಲ್ದಾಣವಾಯಿತು.

ಈ ಹಳಿಗೂ ಮುಂಬೈ ಕನ್ನಡಿಗರ ಮನೆಗಳಿಗೂ ನೇರ ಸಂಬಂಧವಿದೆ. ಉಡುಪಿ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲು ಕೋಟೆ ಪ್ರದೇಶದ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಮುಂದೆ ಸಂಸಾರ ಹೂಡುವ ಹೊತ್ತಿಗೆ ನಗರದ ನಡುವೆ ಮನೆ ಕೈಗೆ ಎಟುಕಲಿಲ್ಲ. ಕೆಲಸ ಅಲ್ಲಿ, ಮನೆ 34 ಕಿಲೋಮೀಟರ್ ದೂರದ ಬೊರಿವಲಿಯಲ್ಲಿ ಎಂಬ ಬದುಕು ಸಾಧ್ಯವಾದದ್ದು ಲೋಕಲ್‌ನಿಂದ. ಇಂದು ಪಶ್ಚಿಮ ರೈಲ್ವೆ ದಿನಕ್ಕೆ 1,300ಕ್ಕೂ ಹೆಚ್ಚು ಲೋಕಲ್‌ಗಳನ್ನು ಓಡಿಸುತ್ತದೆ. ಆದರೂ ಜಾಗ ಸಾಲದು. ಬಾಗಿಲಲ್ಲಿ ನೇತಾಡಿ ಹೋಗುವವರು, ಹಳಿ ದಾಟುವವರು ಪ್ರತಿ ವರ್ಷ ಜೀವ ಕಳೆದುಕೊಳ್ಳುತ್ತಾರೆ. ಅಪ್ಪ ಅಮ್ಮ ಕೈ ಬಿಗಿಯಾಗಿ ಹಿಡಿದುಕೊಳ್ಳುವುದು ಸುಮ್ಮನೆ ಅಲ್ಲ.

108 ನಿಮಿಷ

ಬೊರಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ಚರ್ಚ್‌ಗೇಟ್‌ಗೆ ಹೋಗಿ ಬರಲು ಎರಡು ಗಂಟೆ ಮೀರುತ್ತದೆ. ಯೂರಿ ಗಗಾರಿನ್ ಅದಕ್ಕಿಂತ ಕಡಿಮೆ ಸಮಯದಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದರು! 1961ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಬೈಕೊನೂರ್‌ನಿಂದ ‘ವೋಸ್ಟೊಕ್ 1’ ನೌಕೆಯಲ್ಲಿ ಹಾರಿದ ಅವರು, ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ. ಒಟ್ಟು ಪ್ರಯಾಣ 108 ನಿಮಿಷ.

ಆಗ ಗಗಾರಿನ್‌ಗೆ 27 ವರ್ಷ, ಎತ್ತರ ಸುಮಾರು 157 ಸೆಂಟಿಮೀಟರ್. ಪುಟ್ಟ ನೌಕೆಗೆ ಗಿಡ್ಡ ಮೈಕಟ್ಟು ಅನುಕೂಲವೇ ಆಯಿತು. ನೌಕೆಯೊಳಗೇ ಕುಳಿತು ಅವರು ನೆಲಕ್ಕೆ ಇಳಿಯಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಆಸನ ಸಮೇತ ಹೊರಗೆ ಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದರು. ಹೊಲದಲ್ಲಿದ್ದ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಕಿತ್ತಳೆ ಬಣ್ಣದ ಉಡುಪಿನ ಈ ವಿಚಿತ್ರ ಅತಿಥಿಯನ್ನು ಕಂಡು ಬೆಚ್ಚಿದರಂತೆ. ಪ್ಯಾರಾಚೂಟ್ ಸಂಗತಿಯನ್ನು ಸೋವಿಯತ್ ಸರ್ಕಾರ ಹಲವು ವರ್ಷ ಗುಟ್ಟಾಗಿಟ್ಟಿತ್ತು. ನೌಕೆಯಲ್ಲೇ ಇಳಿಯದಿದ್ದರೆ ದಾಖಲೆ ಸಿಗುವುದಿಲ್ಲವೇನೋ ಎಂಬ ಅಳುಕು!

ಸರಿಯಾಗಿ 20 ವರ್ಷಗಳ ನಂತರ, 1981ರ ಏಪ್ರಿಲ್ 12ರಂದು, ಅಮೆರಿಕದ ಮೊದಲ ಬಾಹ್ಯಾಕಾಶ ಶಟಲ್ ‘ಕೊಲಂಬಿಯಾ’ ಹಾರಿತು. ದಿನಾಂಕ ಕೂಡಿಬಂದದ್ದು ಆಕಸ್ಮಿಕ. ಎರಡು ದಿನ ಮೊದಲೇ ಹಾರಬೇಕಿದ್ದ ಅದನ್ನು ಕಂಪ್ಯೂಟರ್ ತೊಂದರೆ ತಡೆದಿತ್ತು. ಕಲ್ಪನಾ ಚಾವ್ಲಾ 2003ರಲ್ಲಿ ತೀರಿಕೊಂಡದ್ದು ಇದೇ ಕೊಲಂಬಿಯಾದಲ್ಲಿ.

ಪರೀಕ್ಷೆಯಲ್ಲಿ ಭಾಗವಹಿಸಿದ 18 ಲಕ್ಷ ಮಕ್ಕಳು

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ನಿಧನರಾದರು. ದೊಡ್ಡವರಾದ ಮೇಲೆ ಬಂದ ಪಾರ್ಶ್ವವಾಯು ಅವರ ಕಾಲುಗಳ ಶಕ್ತಿ ಕಸಿದುಕೊಂಡಿತ್ತು, ಅದನ್ನು ಪೋಲಿಯೊ ಎಂದೇ ವೈದ್ಯರು ಗುರುತಿಸಿದ್ದರು. ಸರಿಯಾಗಿ 10 ವರ್ಷಗಳ ಬಳಿಕ, 1955ರ ಏಪ್ರಿಲ್ 12ರಂದು, ಜೋನಾಸ್ ಸಾಕ್ ಅವರ ಪೋಲಿಯೊ ಲಸಿಕೆ ಪರಿಣಾಮಕಾರಿ ಎಂದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಘೋಷಿಸಲಾಯಿತು.

ಈ ಪರೀಕ್ಷೆಯಲ್ಲಿ ಭಾಗವಹಿಸಿದವರು ಸುಮಾರು 18 ಲಕ್ಷ ಶಾಲಾ ಮಕ್ಕಳು. ಕೆಲವರಿಗೆ ನಿಜವಾದ ಲಸಿಕೆ, ಕೆಲವರಿಗೆ ಔಷಧವೇ ಇಲ್ಲದ ಚುಚ್ಚುಮದ್ದು. ತಮಗೆ ಸಿಕ್ಕಿದ್ದು ಯಾವುದೆಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಘೋಷಣೆಯ ಕೆಲವೇ ದಿನಗಳಲ್ಲಿ ಒಂದು ದೊಡ್ಡ ಎಡವಟ್ಟೂ ಆಯಿತು. ಸರಿಯಾಗಿ ತಯಾರಾಗದ ಕೆಲವು ಲಸಿಕೆಗಳಲ್ಲಿ ಜೀವಂತ ವೈರಸ್ ಉಳಿದು ಮಕ್ಕಳು ಕಾಯಿಲೆ ಬಿದ್ದರು. ಲಸಿಕೆ ಹಾಕುವುದನ್ನು ನಿಲ್ಲಿಸಿ, ತಪಾಸಣೆ ಬಿಗಿ ಮಾಡಿ, ಮತ್ತೆ ಶುರು ಮಾಡಲಾಯಿತು.

ಭಾರತದಲ್ಲಿ ಮನೆಮನೆಗೆ ಬಂದದ್ದು ಮುಖ್ಯವಾಗಿ ಬಾಯಿಗೆ ಹಾಕುವ ಹನಿ. ಮುಂಬೈನ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯೂ ಆ ಹನಿ ತಯಾರಿಸಿದೆ. ದೇಶದಲ್ಲಿ ಪೋಲಿಯೊ ವೈರಸ್‌ನ ಕೊನೆಯ ಸಹಜ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು.

ಅಣ್ಣಾವ್ರು ಕೊಟ್ಟ ಕಣ್ಣು

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಬೆಂಗಳೂರಿನಲ್ಲಿ ತೀರಿಕೊಂಡರು. 77ನೇ ಹುಟ್ಟುಹಬ್ಬಕ್ಕೆ ಇನ್ನು 12 ದಿನವಿತ್ತು. ಗಾಜನೂರಿನ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾಗಿ, 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದು. 2000ರಲ್ಲಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿ ಒತ್ತೆ ಇಟ್ಟುಕೊಂಡದ್ದು 108 ದಿನ. ಗಗಾರಿನ್‌ಗೆ 108 ನಿಮಿಷ, ಇವರಿಗೆ 108 ದಿನ. ಕೇವಲ ಕಾಕತಾಳೀಯ, ನೆನಪಿಡಲು ಮಾತ್ರ ಸುಲಭ.

ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕೊಟ್ಟ ಭಕ್ತನ ಕಥೆ. ಆ ಪಾತ್ರ ಮಾಡಿದವರು ತಮ್ಮ ಕಣ್ಣುಗಳನ್ನೂ ದಾನ ಮಾಡಿದ್ದರು. 2021ರಲ್ಲಿ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ರಾಜ್ ಅವರ ಅಂತ್ಯಯಾತ್ರೆಯ ದಿನ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋದದ್ದನ್ನೂ ಹೇಳದೆ ಇರಲಾಗದು.

ಇಂದು ಹುಟ್ಟಿದವರು

ಗಲ್ಲಿ ಕ್ರಿಕೆಟ್‌ನಲ್ಲಿ ಬೌಲರ್ ಚೆಂಡು ಎಸೆಯುವ ಮೊದಲೇ ಓಡಿದ ನಾನ್‌ಸ್ಟ್ರೈಕರ್‌ನನ್ನು ಔಟ್ ಮಾಡಿದರೆ ಜಗಳ ಗ್ಯಾರಂಟಿ. ಆ ಔಟ್‌ಗೆ ‘ಮಂಕಡಿಂಗ್’ ಎಂಬ ಹೆಸರು ಬಂದದ್ದು 1917ರ ಏಪ್ರಿಲ್ 12ರಂದು ಜಾಮ್‌ನಗರದಲ್ಲಿ ಹುಟ್ಟಿದ ವಿನೂ ಮಂಕಡ್ ಅವರಿಂದ. 1947ರಲ್ಲಿ ಸಿಡ್ನಿಯಲ್ಲಿ ಅವರು ಬಿಲ್ ಬ್ರೌನ್‌ರನ್ನು ಹೀಗೆ ಔಟ್ ಮಾಡಿದ್ದರು. ಅದು ನಿಯಮದೊಳಗೇ ಇತ್ತು. 2022ರಲ್ಲಿ ಅದನ್ನು ಅನುಚಿತ ಆಟದ ಪಟ್ಟಿಯಿಂದ ತೆಗೆದು ಮಾಮೂಲಿ ರನೌಟ್‌ಗೆ ಸೇರಿಸಲಾಯಿತು. 44 ಟೆಸ್ಟ್‌ಗಳಲ್ಲಿ 2,109 ರನ್, 162 ವಿಕೆಟ್ ಗಳಿಸಿದ ಆಟಗಾರನನ್ನು ಒಂದು ರನೌಟ್‌ನಿಂದ ಮಾತ್ರ ನೆನೆಯುವುದು ಅನ್ಯಾಯ.

ಕ್ರಿಕೆಟ್ ಮಾತು ಬಂದಾಗ ಇನ್ನೊಂದು: ಬ್ರಯಾನ್ ಲಾರಾ ಟೆಸ್ಟ್‌ನಲ್ಲಿ ಔಟಾಗದೆ 400 ರನ್ ಮುಟ್ಟಿದ್ದು 2004ರ ಏಪ್ರಿಲ್ 12ರಂದು.

ಲೋಕಸಭೆಯ ಮಾಜಿ ಸ್ಪೀಕರ್ ಸುಮಿತ್ರಾ ಮಹಾಜನ್ (1943, ಚಿಪ್ಳೂಣ್) ಮತ್ತು ಬೀದಿನಾಟಕದ ಸಫ್ದರ್ ಹಾಶ್ಮಿ (1954) ಕೂಡ ಇದೇ ದಿನ ಹುಟ್ಟಿದವರು.

ಹುಟ್ಟಿದ ದಿನ ಗೊತ್ತಿಲ್ಲದವರು

ಏಪ್ರಿಲ್ 12 ಬೀದಿ ಮಕ್ಕಳ ಅಂತರರಾಷ್ಟ್ರೀಯ ದಿನವೂ ಹೌದು. ಮನೆ ಬಿಟ್ಟು, ದಾರಿ ತಪ್ಪಿ ರೈಲು ಹತ್ತಿ ಮುಂಬೈಗೆ ಬಂದಿಳಿಯುವ ಮಕ್ಕಳಲ್ಲಿ ಎಷ್ಟೋ ಜನರಿಗೆ ತಮ್ಮ ಹುಟ್ಟಿದ ದಿನಾಂಕವೇ ಗೊತ್ತಿರುವುದಿಲ್ಲ. ಅಂಥ ಮಕ್ಕಳಿಗಾಗಿ 1996ರಲ್ಲಿ ಇದೇ ನಗರದಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಶುರುವಾದದ್ದು ಚೈಲ್ಡ್‌ಲೈನ್. ಈಗ ಅದು ದೇಶಕ್ಕೆಲ್ಲ ಇದೆ, ಕರೆ ಉಚಿತ. ಸಂಖ್ಯೆ 1098. ಮಕ್ಕಳು ಅದನ್ನು ಸಾವಿರದ ತೊಂಬತ್ತೆಂಟು ಎನ್ನುವುದಿಲ್ಲ, ಹತ್ತು-ಒಂಬತ್ತು-ಎಂಟು ಎಂದು ಇಳಿಕೆಯಲ್ಲಿ ಎಣಿಸುತ್ತಾರೆ.