ಕ್ಲೋಜಪಿನ್

ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮಾತ್ರೆ. ‘ಎಟಿಪಿಕಲ್’ ಎನಿಸಿಕೊಂಡ ಮನೋರೋಗ ಔಷಧಗಳಲ್ಲಿ ಮೊದಲನೆಯದು. ಇದು ಸಿದ್ಧವಾದ ವರ್ಷ ಕೆಲವು ಬರಹಗಳಲ್ಲಿ 1958, ಕೆಲವುಗಳಲ್ಲಿ 1959. ತಯಾರಿಸಿದ್ದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ವಾಂಡರ್ ಕಂಪನಿ ಎಂಬುದರಲ್ಲಿ ತಕರಾರಿಲ್ಲ.

ಆ ಕಾಲದ ಔಷಧಗಳು ಕೈಕಾಲು ಬಿಗಿಸಿ ನಡುಕ ತರುತ್ತಿದ್ದವು. ಮದ್ದು ನಾಟಿದ್ದಕ್ಕೆ ಅದೇ ಗುರುತು ಎಂದು ಅನೇಕ ವೈದ್ಯರು ನಂಬಿದ್ದರು. ಕ್ಲೋಜಪಿನ್ ಕೊಟ್ಟ ಪ್ರಾಣಿಗಳು ಮರಗಟ್ಟಲಿಲ್ಲ. ಹಾಗಾಗಿ ಇದರ ಗುಣವನ್ನೇ ಶಂಕಿಸಲಾಯಿತು. ಆದರೂ 1970ರ ದಶಕದ ಆರಂಭದಲ್ಲಿ ಲೆಪೊನೆಕ್ಸ್ ಹೆಸರಿನಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು.

1975ರಲ್ಲಿ ಫಿನ್‌ಲೆಂಡಿನಲ್ಲಿ ಔಷಧ ಬಳಕೆಗೆ ಬಂದ ಕೆಲವೇ ತಿಂಗಳಲ್ಲಿ ಹಲವು ರೋಗಿಗಳ ರಕ್ತದಲ್ಲಿ, ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳು ಬಹುತೇಕ ಇಲ್ಲವಾದವು. ಸತ್ತವರು 8 ಎಂದು ಕೆಲವು ಮೂಲಗಳು ಹೇಳಿದರೆ, 9 ಎನ್ನುವವೂ ಇವೆ. ಅಲ್ಲೇ ಇಷ್ಟು ಪ್ರಕರಣಗಳು ಏಕೆ ಗುಂಪುಗೂಡಿದವು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ಹಲವು ದೇಶಗಳಲ್ಲಿ ಮಾರಾಟ ನಿಂತಿತು. ಔಷಧ ಪೂರ್ತಿ ಕಣ್ಮರೆಯಾಯಿತು ಎಂಬ ಮಾತು ಮಾತ್ರ ಸರಿಯಲ್ಲ: ಜರ್ಮನಿಯಲ್ಲಿ ಕಟ್ಟುಪಾಡುಗಳೊಂದಿಗೆ ಬಳಕೆ ಉಳಿಯಿತು, ಚೀನಾದಲ್ಲಿ ಧಾರಾಳವಾಗಿಯೇ ನಡೆಯಿತು.

ಅದನ್ನು ಮುನ್ನೆಲೆಗೆ ತಂದದ್ದು ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ. ಬೇರೆ ಔಷಧಗಳಿಂದ ಗುಣ ಕಾಣದ 268 ರೋಗಿಗಳು. ಅವಧಿ ಆರು ವಾರ. ಕ್ಲೋಜಪಿನ್ ಪಡೆದವರಲ್ಲಿ 30% ಮಂದಿ ಚೇತರಿಕೆ ಕಂಡರೆ, ಕ್ಲೋರ್‌ಪ್ರೊಮಜೀನ್ ಪಡೆದವರಲ್ಲಿ ಕೇವಲ 4%. ಮರುವರ್ಷ ಅಮೆರಿಕ ಒಪ್ಪಿಗೆ ಕೊಟ್ಟಿತು, ಕಡ್ಡಾಯ ರಕ್ತಪರೀಕ್ಷೆಯ ಷರತ್ತಿನ ಮೇಲೆ. ಆತ್ಮಹತ್ಯೆಯ ಅಪಾಯ ತಗ್ಗಿಸಲು ಬಳಸುವುದಕ್ಕೆ 2002ರಲ್ಲಿ ಅಲ್ಲೇ ಅನುಮತಿ ಸಿಕ್ಕಿತು.

ಮಿದುಳಿನ ಡೋಪಮೈನ್ ಡಿ2 ಗ್ರಾಹಕಗಳನ್ನು ಇದು ಸಡಿಲವಾಗಿ ಹಿಡಿದು ಬೇಗ ಬಿಡುತ್ತದೆ. ಸೆರೊಟೋನಿನ್, ಹಿಸ್ಟಮಿನ್ ಗ್ರಾಹಕಗಳನ್ನೂ ತಡೆಯುತ್ತದೆ. ಬಿಗಿತ, ನಡುಕ ಕಡಿಮೆ ಇರುವುದಕ್ಕೆ ಇದು ಕಾರಣ ಹೇಳುತ್ತದೆ. ಬೇರೆ ಔಷಧಗಳು ಸೋತಲ್ಲಿ ಇದು ಗೆಲ್ಲುವುದೇಕೆ ಎಂಬುದು ಇನ್ನೂ ಚರ್ಚೆಯಲ್ಲೇ ಇದೆ. ಔಷಧವನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಂಬಾಕಿನ ಹೊಗೆ ಚುರುಕುಗೊಳಿಸುತ್ತದೆ. ರೋಗಿ ಬೀಡಿ, ಸಿಗರೇಟು ಬಿಟ್ಟೊಡನೆ ರಕ್ತದಲ್ಲಿ ಔಷಧದ ಮಟ್ಟ ಏರಬಹುದು. ಡೋಸ್ ತಗ್ಗಿಸದಿದ್ದರೆ ಅಪಾಯ.

ಬಿಳಿ ರಕ್ತಕಣಗಳ ಭಯ ಇದರ ಚರಿತ್ರೆಯನ್ನೇ ಆಳಿದೆ. ಅಮೆರಿಕ ತನ್ನ ಕಡ್ಡಾಯ ನಿಗಾ ವ್ಯವಸ್ಥೆಯನ್ನು ಕೈಬಿಟ್ಟದ್ದು 2025ರಲ್ಲಷ್ಟೇ. ಇನ್ನೊಂದು ಅಪಾಯಕ್ಕೆ ಅಷ್ಟು ಗಮನ ಸಿಗಲಿಲ್ಲ. ಕ್ಲೋಜಪಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ; ಮಲಬದ್ಧತೆ ಉಲ್ಬಣಿಸಿ ಪ್ರಾಣ ಹೋದದ್ದೂ ಉಂಟು. ಅಮೆರಿಕದ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಬಿಗಿಗೊಳಿಸಿದ್ದು 2020ರಲ್ಲಿ.